ಹರಿಯುವ ಮಂಜಿನಲ್ಲಿ ನಿಂತ ಹಡಗು

ಅರಬ್ಬೀ ಸಮುದ್ರದ ಎಣ್ಣೆ ರಿಗ್ಗುಗಳಲ್ಲಿ ನೌಕರಿ ಮುಗಿಸಿ ಬಂದವನು ನಾನು. ಧ್ರುವ ಯಾತ್ರೆಯ ಪುಸ್ತಕಗಳಲ್ಲಿ ನಾಯಿಬಂಡಿ, ಬಾವುಟಗಳ ಕತೆಗಿಂತ ಹಗ್ಗ, ಪೈಪುಗಳ ಕತೆಯೇ ನನಗೆ ರುಚಿ. 1893ರಲ್ಲಿ ನಾರ್ವೆಯ ನಾನ್ಸೆನ್ ತನ್ನ ‘ಫ್ರಾಮ್’ ಹಡಗನ್ನು ಬೇಕೆಂದೇ ಆರ್ಕ್ಟಿಕ್ ಮಂಜುಗಡ್ಡೆಗೆ ಸಿಕ್ಕಿಸಿ ತೇಲುತ್ತ ಹೋದ. ಅಲ್ಲಿ ಕಡಲು ಅಷ್ಟೇನೂ ಆಳವಿರದು ಎಂದುಕೊಂಡು ಒಯ್ದಿದ್ದ ಹಗ್ಗ ತಳ ಮುಟ್ಟಲೇ ಇಲ್ಲ. ಆಗ ಹಡಗಿನ ಉಕ್ಕಿನ ಕೇಬಲ್ಲನ್ನೇ ಬಿಚ್ಚಿ, ಎಳೆಗಳನ್ನು ಮತ್ತೆ ಹೊಸೆದು, ನಾಲ್ಕು ಸಾವಿರ ಮೀಟರಿಗೂ ಸಾಲುವ ಹಗ್ಗ ಮಾಡಿಕೊಂಡರು. ಆ ಇಡೀ ಯಾತ್ರೆಯಲ್ಲಿ ನನಗೆ ಹಿಡಿಸಿದ್ದು ಈ ಕೆಲಸ.

ಆಮೇಲೂ ಬಹುಕಾಲ ಅದೇ ಪದ್ಧತಿ ನಡೆಯಿತು: ಮಂಜು ಒಯ್ದಲ್ಲಿ ಹೋಗುವುದು, ಸಿಕ್ಕಿದ ತಳ ಕೆದಕುವುದು. 1948ರಲ್ಲಿ ಸೋವಿಯೆತ್ತಿನವರು ಮಂಜಿನ ಮೇಲೆ ವಿಮಾನ ಇಳಿಸಿ ಆಳ ಅಳೆಯುತ್ತ ಲೊಮೊನೊಸೊವ್ ಎಂಬ ಮುಳುಗಿದ ಬೆಟ್ಟಸಾಲನ್ನು ಕಂಡುಕೊಂಡರು. ಅಮೆರಿಕದವರು ಟಿ-3 ಎಂಬ ತೇಲುವ ಮಂಜಿನ ದ್ವೀಪದಿಂದ ಕೊಳವೆ ಇಳಿಸಿ ಕೆಲವು ಮೀಟರ್ ಕೆಸರು ತೆಗೆದರು. ಆದರೆ ಎಲ್ಲಿ ತೆಗೆಯಬೇಕೆಂದು ತೀರ್ಮಾನಿಸುತ್ತಿದ್ದುದು ಮಂಜು.

ಜಾಗ ನಾವೇ ಆರಿಸಿ, ಅಲ್ಲೇ ನಿಂತು ನೂರಾರು ಮೀಟರ್ ಕೊರೆಯುವ ಯೋಜನೆ ಕೈಗೂಡಿದ್ದು 2004ರ ಆಗಸ್ಟ್‌ನಲ್ಲಿ. ಧ್ರುವದಿಂದ ಸುಮಾರು 250 ಕಿ.ಮೀ. ದೂರ, ಅದೇ ಲೊಮೊನೊಸೊವ್ ಸಾಲಿನ ಮೇಲೆ, ನೀರಿನ ಆಳ 1,100ರಿಂದ 1,300 ಮೀಟರ್. ಬೋರ್‌ವೆಲ್ ಲಾರಿಯಾದರೆ ಜಾಕ್ ಊರಿ ನಿಂತುಬಿಡುತ್ತದೆ. ಹಡಗಿಗೆ ಊರಲು ನೆಲವೆಲ್ಲಿ? ಒಂದರಿಂದ ಮೂರು ಮೀಟರ್ ದಪ್ಪದ ಮಂಜಿನ ಹಾಸುಗಳು ಕಡಲಿನ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿದ್ದವು, ವೇಗ 0.3 ನಾಟ್‌ವರೆಗೆ. ನಾನು ಲೆಕ್ಕ ಹಾಕಿದೆ: ನಿಮಿಷಕ್ಕೆ ಒಂಬತ್ತು ಮೀಟರ್. ಪೈಪು ಇಳಿದಿರುವಾಗ ಹಡಗನ್ನು ಗುರುತಿನ ಜಾಗದಿಂದ 75 ಮೀಟರಿನೊಳಗೆ ಹಿಡಿದಿಟ್ಟರಂತೆ. ಮಂಜಿನ ಜೊತೆ ಹೊರಟಿದ್ದರೆ ಎಂಟೇ ನಿಮಿಷದಲ್ಲಿ ಆ ಗಡಿ ದಾಟುತ್ತಿತ್ತು. ಸಾಲದ್ದಕ್ಕೆ ಮಂಜು ಕೆಲವೊಮ್ಮೆ ಒಂದು ಗಂಟೆಯೊಳಗೇ ದಿಕ್ಕು ಬದಲಿಸುತ್ತಿತ್ತು.

ಅದಕ್ಕೇ ಮೂರು ಹಡಗು. ಮಂಜು ಬರುವ ದಿಕ್ಕಿನಲ್ಲಿ ಮುಂದೆ ರಷ್ಯಾದ ಅಣುಶಕ್ತಿಯ ‘ಸೊವೆತ್ಸ್ಕಿ ಸೊಯುಜ್’, ದೊಡ್ಡ ಹಾಸುಗಳನ್ನು ಸೀಳಲು. ಅದರ ಹಿಂದೆ ಸ್ವೀಡನ್ನಿನ ‘ಓಡೆನ್’, ಹೋಳುಗಳನ್ನು ಇನ್ನೂ ಚಿಕ್ಕದು ಮಾಡಲು. ಆ ಚೂರುಗಳ ನಡುವೆ ‘ವಿಡಾರ್ ವೈಕಿಂಗ್’. ಮೂಲದಲ್ಲಿ ಅದು ರಿಗ್ಗುಗಳ ಲಂಗರು ಎಳೆಯುವ, ಸಾಮಾನು ಸಾಗಿಸುವ ಹಡಗು. ಈ ಕೆಲಸಕ್ಕೆಂದು ಹೊಟ್ಟೆಯಲ್ಲಿ ತೂತು ಮಾಡಿ ಮೇಲೆ ಡೆರಿಕ್, ಅಂದರೆ ಕೊರೆಯುವ ಗೋಪುರ, ನಿಲ್ಲಿಸಿದರು. ಅದನ್ನು ಜಾಗದಲ್ಲಿ ಹಿಡಿಯಲು ಕಂಪ್ಯೂಟರ್ ಇದ್ದರೂ ಬಹುಪಾಲು ಕೈಯಿಂದಲೇ ನಡೆಸಿದರು. ಡ್ಯೂಟಿಯ ಉದ್ದಕ್ಕೂ ಮಂಜಿನ ಮೇಲೆ ಕಣ್ಣಿಟ್ಟು ಲಿವರ್ ಹಿಡಿದವರ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಬಂದದ್ದು ಯಾನದ ಮುಖ್ಯ ವಿಜ್ಞಾನಿಗಳಾದ ಯಾನ್ ಬಾಕ್‌ಮನ್ ಮತ್ತು ಕ್ಯಾಥರಿನ್ ಮೊರಾನ್ ಅವರದು. ಇರಲಿ, ಅವರದೂ ಸಣ್ಣ ಕೆಲಸವಲ್ಲ.

ತಳದಿಂದ 428 ಮೀಟರ್ ಕೆಳಗೆ ಹೋದರು. 4.9 ಕೋಟಿ ವರ್ಷ ಹಿಂದಿನ ಪದರದಲ್ಲಿ ಸಿಕ್ಕಿದ್ದು ಅಜೋಲ: ನಮ್ಮ ರೈತರು ತೊಟ್ಟಿಯಲ್ಲಿ ಬೆಳೆಸಿ ದನಗಳಿಗೆ ಹಾಕುತ್ತಾರಲ್ಲ, ಅದೇ ಜಾತಿಯ ಸಸ್ಯ. ಅಂದರೆ ಆ ಕಡಲಿನ ಮೇಲ್ಪದರದಲ್ಲಿ ಆಗ ಸಿಹಿನೀರು ನಿಂತಿತ್ತು. ಅದಕ್ಕೂ ಕೆಳಗೆ, ಐದೂವರೆ ಕೋಟಿ ವರ್ಷ ಹಿಂದಿನ ಪದರ ಹೇಳಿದ್ದು ನೀರು ಸುಮಾರು 23 ಡಿಗ್ರಿಯಷ್ಟು ಬೆಚ್ಚಗಿತ್ತೆಂದು. ಆದರೆ ಅಜೋಲದ ಪದರಕ್ಕೂ ಅದರ ಮೇಲಿನ ಹೊಸ ಪದರಗಳಿಗೂ ನಡುವೆ, ಮೊದಲ ಲೆಕ್ಕದ ಪ್ರಕಾರ, 2.6 ಕೋಟಿ ವರ್ಷಗಳ ಹೂಳೇ ಇರಲಿಲ್ಲ. ಭೂಮಿ ಬೆಚ್ಚನೆಯಿಂದ ಚಳಿಗೆ ತಿರುಗಿದ ಕಾಲವೇ ಅದು.

ಆ ಖಾಲಿ ತುಂಬಲು 2022ರ ಬೇಸಿಗೆಗೆ ಇನ್ನೊಂದು ಯಾನ ಗೊತ್ತಾಯಿತು. ಮುಂದಾಳುಗಳಲ್ಲಿ ಒಬ್ಬರು ಜರ್ಮನಿಯ ರೂಡಿಗರ್ ಸ್ಟೈನ್. ಕೊರೆಯಲು ‘ಡೀನಾ ಪೊಲಾರಿಸ್’, ಜೊತೆಗೆ ಹಳೆಯ ‘ಓಡೆನ್’. ಮುಂದೆ ನಿಂತು ಸೀಳಬೇಕಾದ ಅಣುಶಕ್ತಿಯ ಹಡಗು ಮಾತ್ರ ಮತ್ತೆ ರಷ್ಯಾದಿಂದಲೇ ಬರಬೇಕಿತ್ತು. ಆ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿಗೆ ನುಗ್ಗಿತು, ಯಾನ ನಿಂತುಹೋಯಿತು.