ಗೋಡೆಗೆ ಮೂರು ಅಳತೆ

ಕೊಡಿಯಾಲ್‌ಬೈಲಿನಲ್ಲಿ ನಾನು ಬಾಡಿಗೆಗಿರುವ ಹಂಚಿನ ಮನೆಯ ಚಾವಡಿಯಲ್ಲಿ ಒಂದು ಖಾಲಿ ಗೋಡೆಯಿತ್ತು. ಅದರ ತುಂಬ ಹಳೆ ಬಂದರಿನ ಮಂಜಿಗಳ ಚಿತ್ರ ಬೇಕೆಂದು ಮನೆಯೊಡತಿಗೆ ಆಸೆ. ಈಗೆಲ್ಲ ಅಳತೆ ಕಳಿಸಿದರೆ ಗೋಡೆಯಗಲದ ಚಿತ್ರವನ್ನು ಅಚ್ಚು ಹಾಕಿ ಸುರುಳಿ ಸುತ್ತಿ ಕಳಿಸುತ್ತಾರೆ. ಅಳೆಯುವ ಕೆಲಸ ನನಗೆ ಬಂತು. ಪಿಎಚ್‌ಡಿ ಮಾಡುವವರಿಗೆ ಇಷ್ಟೂ ಬಾರದೇ ಎಂಬುದು ಅವರ ನಂಬಿಕೆ. ಟೇಪು ಹಿಡಿದು ಸೊಂಟದ ಎತ್ತರದಲ್ಲಿ ಒಮ್ಮೆ ಅಳೆದೆ: 14 ಅಡಿ 3 ಅಂಗುಲ. ಎತ್ತರವನ್ನೂ ಒಮ್ಮೆ ಅಳೆದು ಬರೆದು ಕಳಿಸಿದೆ.

ಚಿತ್ರ ಬಂದಾಗ ಅಂಟಿಸುವ ಮೊದಲು ಗೋಡೆಗೆ ಹಿಡಿದು ನೋಡಿದೆವು. ಮೇಲೆ ಒಂದೂವರೆ ಅಂಗುಲ ಬಿಳಿ ಗೋಡೆ ಉಳಿಯಿತು, ಕೆಳಗೆ ಒಂದು ಅಂಗುಲ ಚಿತ್ರವೇ ಹೆಚ್ಚಾಯಿತು. ಅಚ್ಚು ಹಾಕಿದವರದ್ದೇನೂ ತಪ್ಪಿರಲಿಲ್ಲ. ನಾನು ಹೇಳಿದ್ದನ್ನೇ ಅವರು ಮಾಡಿದ್ದರು.

ಅಪ್ಪನಿಗೆ ಫೋನು ಮಾಡಿದೆ. ಅವರು ಬಂಟ್ವಾಳದ ಕಡೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. "ಎಷ್ಟು ಕಡೆ ಅಳೆದೆ?" ಎಂದು ಕೇಳಿದರು. ಒಂದೇ ಕಡೆ ಎಂದೆ. "ಗೋಡೆಗೆ ಒಂದು ಅಳತೆ ಇರುವುದಿಲ್ಲ ಮಾರಾಯ, ಮೂರಾದರೂ ಉಂಟು. ಕೆಳಗೆ, ನಡುವೆ, ಮೇಲೆ. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಹಿಡಿ. ಎರಡೂ ಅಡ್ಡ ಒಂದೇ ಬಂದರೆ ಮಾತ್ರ ಚೌಕ." ಭಾನುವಾರ ಬರುತ್ತೇನೆ ಎಂದು ಫೋನಿಟ್ಟರು.

ಆ ವಾರದಲ್ಲೇ ಒಂದು ಮಧ್ಯಾಹ್ನ ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮಂಗಳೂರು ನನ್ನ ಸಂಶೋಧನೆಯ ವಿಷಯ; ಹಾಗಾಗಿ ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ. 1880ರಲ್ಲಿ ಜೆಸ್ಯೂಟರು ಕಾಲೇಜನ್ನು ಶುರು ಮಾಡಿದ್ದು ಇದೇ ಕೊಡಿಯಾಲ್‌ಬೈಲಿನಲ್ಲಿ, ಅದು ಗುಡ್ಡ ಹತ್ತಿದ್ದು ಆಮೇಲೆ. ಅಷ್ಟೂ ಸಲ ಹೋದಾಗ ನಾನು ನೋಡಿದ್ದು ಸಂತರ ಮುಖಗಳನ್ನು. ಈ ಸಲ ಮೂಲೆಗಳನ್ನು ನೋಡಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಟೇಪು ಹಿಡಿಯುವ ಮಾತಂತೂ ದೂರ. ಹೆಜ್ಜೆ ಹಾಕಿ ಕಣ್ಣಲ್ಲೇ ಅಳೆದೆ.

ಚಿತ್ರ ಬರೆದ ಬ್ರದರ್ ಆಂಟೋನಿಯೊ ಮೊಸ್ಕೆನಿ ಇಟಲಿಯ ಬೆರ್ಗಮೊ ಬಳಿಯ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದವನು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಕಲಿತು, ರೋಮಿನ ಚಿತ್ರಗಳನ್ನು ಅಭ್ಯಾಸ ಮಾಡಿ, 1889ರಲ್ಲಿ ಜೆಸ್ಯೂಟ್ ಸಂಘ ಸೇರಿದ. ಮಂಗಳೂರಿಗೆ ಬಂದದ್ದು 1899ರಲ್ಲಿ. ಚಾಪೆಲ್ ಅಷ್ಟರಲ್ಲಿ ಎದ್ದು ಸುಮಾರು ಹದಿನೈದು ವರ್ಷ ಆಗಿತ್ತು. ಎಂದರೆ ಅವನಿಗೆ ಸಿಕ್ಕಿದ್ದು ಬೇರೆಯವರು ಕಟ್ಟಿ ಮುಗಿಸಿದ ಗೋಡೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕ್ರಮ ಬೇರೆ. ಹನ್ನೆರಡನೇ ಶತಮಾನದ ಆ ಗ್ರಂಥದಲ್ಲಿ ಮೊದಲು ನುಣುಪಾದ ಗೋಡೆ ಸಿದ್ಧವಾಗಬೇಕು. ಎಮ್ಮೆ ಚರ್ಮ ಬೇಯಿಸಿ ತೆಗೆದ ವಜ್ರಲೇಪವನ್ನು ಬಿಳಿ ಮಣ್ಣಿಗೆ ಬೆರೆಸಿ ಅದಕ್ಕೆ ಬಳಿಯಬೇಕು. ರೂಪ ಬರೆಯುವಾಗ ನಡುವೆ ನೆಟ್ಟಗೆ ಇಳಿಯುವ ಬ್ರಹ್ಮಸೂತ್ರ, ಅದರ ಆಚೀಚೆ ಪಕ್ಷಸೂತ್ರಗಳು. ಗಾರೆಯವನ ತೂಗುಗುಂಡಿನ ದಾರವೇ ಅಲ್ಲಿ ಚಿತ್ರಕಾರನ ಕೈಗೆ ಬಂದಿದೆ ಅನ್ನಿಸುತ್ತದೆ ನನಗೆ.

ಚಾಪೆಲ್‌ನಲ್ಲಿ ಎರಡು ಬಗೆಯ ಕೆಲಸವಿದೆ. ಗೋಡೆಯ ಮೇಲೆ ಫ್ರೆಸ್ಕೊ, ಮೇಲ್ಛಾವಣಿಗೆ ಕ್ಯಾನ್ವಾಸಿನ ತೈಲಚಿತ್ರ. ಎರಡಕ್ಕೂ ಅಳತೆಯ ಲೆಕ್ಕ ಬೇರೆ ಬೇರೆ. ಫ್ರೆಸ್ಕೊದಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗಿತೋ, ಆ ದಿನದ ಕೆಲಸ ಮುಗಿಯಿತು. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯುತ್ತಾರೆ. ಆ ತುಂಡಿಗೆ ಇಟಲಿಯವರು ಜೊರ್ನಾತಾ ಎನ್ನುತ್ತಾರೆ, ಒಂದು ದಿನದ ದುಡಿಮೆ ಎಂದರ್ಥ. ಇಲ್ಲಿ ಅಳತೆಗೋಲು ಅಡಿ ಅಂಗುಲವಲ್ಲ, ಒಬ್ಬ ಮನುಷ್ಯನ ಒಂದು ಹಗಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಆಷಾಢದ ಹಗಲೂ ಚೈತ್ರದ ಹಗಲೂ ಗಾರೆಗೆ ಒಂದೇ ಆಗಿರಲಾರದು.

ಈ ಕೆಲಸದಲ್ಲಿ ಒಂದು ಉಪಕಾರವಿದೆ. ಗೋಡೆ ವಾಲಿದ್ದರೆ ಚಿತ್ರವೂ ದಿನದಿನಕ್ಕೆ ಸರಿಸಿಕೊಂಡು ಹೋಗಬಹುದು. ಕ್ಯಾನ್ವಾಸು ಹಾಗಲ್ಲ. ಅದನ್ನು ಬೇರೆಡೆ ಬರೆದು ತಂದು ಕೂರಿಸುವುದಾದರೆ ಜಾಗದ ಅಳತೆ ಮೊದಲೇ ಪಕ್ಕಾ ಇರಬೇಕು. ಇದರ ದೊಡ್ಡ ಉದಾಹರಣೆ ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿದೆ. ಅಲ್ಲಿ ಗುಮ್ಮಟ ಕಟ್ಟಲಾಗಲಿಲ್ಲ. 1685ರಲ್ಲಿ ಆಂಡ್ರಿಯಾ ಪೊಜ್ಜೊ ಎಂಬ ಜೆಸ್ಯೂಟ್ ಬ್ರದರ್ ಸುಮಾರು 17 ಮೀಟರ್ ಅಗಲದ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಬರೆದು ಆ ಜಾಗಕ್ಕೆ ಕೂರಿಸಿದ. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತರೆ ಅದು ನಿಜದ ಗುಮ್ಮಟ, ನಾಲ್ಕು ಹೆಜ್ಜೆ ಸರಿದರೆ ಓರೆ. ಅದೇ ಚರ್ಚಿನ ಬಾಗಿದ ಛಾವಣಿಗೆ ಚಿತ್ರ ಇಳಿಸಲು ದಾರಗಳ ಬಲೆ ಕಟ್ಟಿ ಚೌಕ ಮೂಡಿಸುವ ಉಪಾಯವನ್ನೂ ಅವನು ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ನಮ್ಮ ಚಾಪೆಲ್‌ನ ಛಾವಣಿಯಲ್ಲಿ ಯಾರ ಬದುಕಿನ ಕತೆ ಇದೆಯೋ ಆ ಅಲೋಶಿಯಸ್ ಗೊನ್ಜಾಗನ ಸಮಾಧಿ ಇರುವುದೂ ಅದೇ ಚರ್ಚಿನಲ್ಲಿ.

ಭಾನುವಾರ ಬಂದ ಅಪ್ಪನನ್ನು ಮೊದಲು ಗುಡ್ಡೆಗೇ ಕರೆದುಕೊಂಡು ಹೋದೆ. ಅವರು ಸಂತರನ್ನು ಒಂದು ಸುತ್ತು ನೋಡಿ ಕೈಮುಗಿದರು. ಮತ್ತೆ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಓರೆಯಾಗಿ ನೋಡುತ್ತ ನಿಂತುಬಿಟ್ಟರು. ಕಾವಲಿನವರು ಏನು ಹೇಳುತ್ತಾರೋ ಎಂದು ನನಗೆ ಭಯ. ಆಮೇಲೆ ಚಿತ್ರ ಚಿತ್ರಗಳ ನಡುವಿನ ಹೂಬಳ್ಳಿಯ ಅಂಚುಗಳನ್ನು ತೋರಿಸಿದರು. "ಇಲ್ಲಿ ಉಂಟು ನೋಡು ಉಪಾಯ. ಗೋಡೆ ಹೆಚ್ಚು ಕಡಿಮೆ ಆದದ್ದನ್ನೆಲ್ಲ ಅಂಚು ನುಂಗುತ್ತದೆ. ನಿನ್ನ ಚಿತ್ರಕ್ಕೆ ಅಂಚೇ ಇಲ್ಲ." ಆ ಬಳ್ಳಿಗಳನ್ನು ನಾನು ಇಷ್ಟು ವರ್ಷ ಬರೀ ಅಲಂಕಾರವೆಂದು ದಾಟಿ ಹೋಗಿದ್ದೆ. ಅಪ್ಪ ಹೇಳಿದ್ದು ಇಲ್ಲಿನ ಅಂಚುಗಳ ಮಟ್ಟಿಗೆ ನಿಜವೋ ಅಲ್ಲವೋ, ಟೇಪು ಹಿಡಿಯದೆ ಹೇಳಲಾಗದು. ಆದರೆ ಅದು ಕೆಲಸ ಗೊತ್ತಿದ್ದವರ ಊಹೆ.

ಹೊರಗೆ ಬಂದ ಮೇಲೆ ಕೇಳಿದರು, "ಗಾರೆ ಮಾಡಿದ್ದು ಯಾರು?" ನನ್ನ ಬಳಿ ಮೊಸ್ಕೆನಿಯ ಊರು, ಇಸವಿ ಎಲ್ಲ ಇತ್ತು. 1905ರ ನವೆಂಬರಿನಲ್ಲಿ, ಕೊಚ್ಚಿಯ ಸಾಂತಾಕ್ರೂಜ್ ಚರ್ಚಿನ ಕೆಲಸದಲ್ಲಿದ್ದಾಗ, ಅದರ ಪ್ರತಿಷ್ಠೆಗೆ ಕೆಲವೇ ದಿನ ಮೊದಲು ಅವನು ತೀರಿಕೊಂಡದ್ದನ್ನು ಹೇಳಿದೆ. ಅಲ್ಲಿ ಅವನ ಜೊತೆ ಕೆಲಸ ಮಾಡಿದ ಮಂಗಳೂರಿನ ಶಿಷ್ಯ ಡಿ ಗಾಮನ ಹೆಸರನ್ನೂ ಹೇಳಿದೆ. "ಅವರು ಬಣ್ಣದವರಲ್ಲವಾ," ಎಂದರು ಅಪ್ಪ. ದಿನಾ ಬೆಳಿಗ್ಗೆ ಅಂದಿನ ತುಂಡಿಗೆ ಹದ ನೋಡಿ ಹಸಿ ಗಾರೆ ಬಳಿಯಬೇಕಲ್ಲ, ಆ ಕೈಯನ್ನು ಅವರು ಕೇಳುತ್ತಿದ್ದರು. ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಆ ಚಾಪೆಲ್‌ಗೆ ಹನ್ನೊಂದು ಪುಟವಿದೆ. ಗಾರೆ ಎಂಬ ಪದ ಒಮ್ಮೆಯೂ ಬಂದಿಲ್ಲ. ಮನೆಗೆ ಹೋಗಿ ಹುಡುಕಿ ನೋಡಿದೆ.

ಚಾವಡಿಯಲ್ಲಿ ಅಪ್ಪ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರು. ಎರಡೂ ಮೂಲೆ ಮೇಲಕ್ಕೆ ಹೋದಂತೆ ಹೊರಗೆ ವಾಲಿದ್ದವು. ಕೆಳಗೆ 14 ಅಡಿ 2 ಅಂಗುಲ, ಮೇಲೆ 14 ಅಡಿ ನಾಲ್ಕೂವರೆ ಅಂಗುಲ. ಚಿತ್ರವನ್ನು 13 ಅಡಿ 8 ಅಂಗುಲಕ್ಕೆ ಕತ್ತರಿಸಿದೆವು. ಒಂದು ಮಂಜಿಯ ಹಿಂಭಾಗ ಹೋಯಿತು. ಸುತ್ತ ಕಾವಿ ಬಣ್ಣದ ಅಂಚು. ಪಕ್ಕದ ಅಂಚುಗಳು ಕೆಳಗೆ 3 ಅಂಗುಲ, ಮೇಲೆ 4ಕ್ಕಿಂತ ಸ್ವಲ್ಪ ಹೆಚ್ಚು. ಮನೆಯೊಡತಿ ಎರಡು ವಾರದಿಂದ ಎಲ್ಲರಿಗೂ ತೋರಿಸುತ್ತಿದ್ದಾರೆ, ಯಾರೂ ಕಂಡುಹಿಡಿದಿಲ್ಲ.

ಅಂಟಿಸುವ ಮೊದಲು ಅಪ್ಪ ಮೂರೂ ಅಳತೆಗಳನ್ನು ಪೆನ್ಸಿಲಿನಲ್ಲಿ ಗೋಡೆಯ ಮೇಲೆಯೇ ಬರೆದಿದ್ದರು. ಪಕ್ಕದಲ್ಲಿ ತಾರೀಕೂ ಇದೆ. ಹೆಸರು ಬರೆಯಿರಿ ಎಂದೆ, "ಅದೆಲ್ಲ ಯಾಕೆ" ಎಂದರು. ಅವರು ಅಂಟು ಕಲಸಲು ಹೋದಾಗ ನಾನೇ ಬರೆದೆ. ಈಗ ಅದು ಮಂಜಿಗಳ ಕೆಳಗಿದೆ.