ಜಪ್ತಿ, ದಂಡ ಮತ್ತು ಮನೆಯ ಹೊಸ್ತಿಲು

ಸಾಲವೋ ತೆರಿಗೆಯೋ ದಂಡದ ಹಣವೋ ಬಾಕಿಯಾದಾಗ ಮನೆಯ ಬಾಗಿಲಿಗೆ ಬಂದು ನಿಲ್ಲುವ ಅಧಿಕಾರಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಧಾರವಾಡ, ಬಿಜಾಪುರಗಳ ಕಡೆಯವರು ಅವನನ್ನು ಬೇಲೀಫನೆಂದರು. ಹಳೆಯ ಮೈಸೂರಿನವರು ಅಮೀನನೆಂದರು. ಅವನು ಮಾಡುವ ಕೆಲಸಕ್ಕೆ ಮಾತ್ರ ಎಲ್ಲ ಕಡೆಯಲ್ಲಿಯೂ ಜಪ್ತಿ ಎಂಬ ಅರಬ್ಬೀ ಮೂಲದ ಮಾತೇ ನಿಂತಿತು. ಜಪ್ತಾದ ವಸ್ತು ಮೈಸೂರಿನಲ್ಲಿ ಹರಾಜಾಗುತ್ತಿತ್ತು, ಮುಂಬಯಿ ಕರ್ನಾಟಕದಲ್ಲಿ ಲಿಲಾವಾಗುತ್ತಿತ್ತು. ಮೊದಲನೆಯ ಪದ ಅರಬ್ಬಿಯಿಂದ ಬಂದುದು, ಎರಡನೆಯದು ಪೋರ್ತುಗೀಜಿನಿಂದ. ಈ ವ್ಯವಹಾರದ ಶಬ್ದಗಳಲ್ಲಿ ಹೊಸ್ತಿಲು ಅಚ್ಚಗನ್ನಡವೆನ್ನಬಹುದಾದುದು. ಬಾಕಿದಾರನ ಹೊಸ್ತಿಲನ್ನು ಸರಕಾರ ಯಾವಾಗ, ಎಷ್ಟರಮಟ್ಟಿಗೆ ದಾಟಬಹುದೆಂಬ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಸ್ಥೂಲವಾಗಿ ನೋಡಲು ಯತ್ನಿಸಿದೆ.

ಠಾಣೆ ಪರಿಸರದಲ್ಲಿ ನೆಲೆಸಿರುವ ನಮಗೆ ಈ ವಿಷಯ ಎರಡು ಕಡೆಯಿಂದಲೂ ಸಂಬಂಧಪಟ್ಟುದು. ಉತ್ತರ ಕನ್ನಡ ಜಿಲ್ಲೆಯನ್ನು ೧೮೬೨ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ೧೯೫೬ರವರೆಗೆ ಅದು ಬೆಳಗಾವಿ, ಧಾರವಾಡ, ಬಿಜಾಪುರಗಳೊಡನೆ ಮುಂಬಯಿಯ ಆಡಳಿತದಲ್ಲಿಯೇ ಇದ್ದಿತು. ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆ ಕಲ್ಯಾಣದ ಕಚೇರಿಗೂ ಸಿದ್ದಾಪುರದ ಕಚೇರಿಗೂ ಸಮಾನವಾದ ಗ್ರಂಥ. ಬಾಕಿದಾರನಿಗೆ ಮೊದಲು ಬೇಡಿಕೆಯ ನೋಟೀಸು, ಅನಂತರ ಚರಾಸ್ತಿಯ ಜಪ್ತಿ ಮತ್ತು ಲಿಲಾವು, ಭೂಮಿಯ ಹಕ್ಕಿನ ಮುಟ್ಟುಗೋಲು, ಸ್ಥಿರಾಸ್ತಿಯ ಮಾರಾಟ, ಕೊನೆಗೆ ಬಂಧನ: ಸರಕಾರದ ಕೈಯಲ್ಲಿದ್ದ ಉಪಾಯಗಳನ್ನು ಅದು ಹೀಗೆ ಹೇಳಿತ್ತು. ಇಂದು ಡೊಂಬಿವಲಿಯಲ್ಲಿಯೋ ನವಿ ಮುಂಬಯಿಯಲ್ಲಿಯೋ ಮನೆ ಮಾಡಿಕೊಂಡಿರುವ ಉತ್ತರ ಕನ್ನಡದ ಕುಟುಂಬವು ಊರು ಬಿಟ್ಟು ಬಂದರೂ ಈ ಕಾಯಿದೆಯ ವಂಶವನ್ನು ಬಿಟ್ಟು ಬಂದಿಲ್ಲ. ಅದು ಹೇಗೆಂಬುದು ಮುಂದೆ ತಿಳಿಯುವುದು.

ಖಾಸಗಿ ಸಾಲಗಾರನ ವಿಷಯದಲ್ಲಿ ಆಂಗ್ಲ ನ್ಯಾಯಪದ್ಧತಿ ಬಹು ಹಿಂದಿನಿಂದಲೂ ಬಾಗಿಲಿಗೆ ಒಂದು ಮರ್ಯಾದೆಯನ್ನು ಕೊಟ್ಟಿದೆ. ೧೬೦೪ರಲ್ಲಿ ತೀರ್ಮಾನವಾದ ಸೆಮೇನನ ಮೊಕದ್ದಮೆಯಲ್ಲಿ, ಒಬ್ಬನ ಮನೆ ಅವನಿಗೆ ಕೋಟೆಯಿದ್ದಂತೆ, ಬೇರೊಬ್ಬ ಖಾಸಗಿ ವ್ಯಕ್ತಿಯ ಹಣಕ್ಕಾಗಿ ಶೆರೀಫನು ಅದರ ಬಾಗಿಲನ್ನು ಒಡೆಯಕೂಡದು ಎಂಬ ತತ್ತ್ವ ಹೊರಬಿದ್ದಿತು. ಆದರೆ ಅದೇ ತೀರ್ಪು, ದೊರೆಯೇ ವಾದಿಯಾಗಿರುವಲ್ಲಿ ಬಾಗಿಲನ್ನು ಒಡೆಯಬಹುದೆಂದೂ ಹೇಳಿತು. ಕೋಟೆಯ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ದೊರೆಯ ಮಾತನ್ನು ನೆನೆಯುವವರು ಕಡಿಮೆ. ನಮ್ಮ ಇತಿಹಾಸಕ್ಕೆ ಬೇಕಾದುದು ಈ ಎರಡನೆಯ ಮಾತು.

ಭಾರತದ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆ ಕೋಟೆಯ ಮಾತನ್ನು ನಮ್ಮ ಮನೆಗಳಿಗೆ ಹೊಂದಿಸಿಕೊಂಡಿತು. ಅದರ ೬೨ನೆಯ ಕಲಮಿನಂತೆ ಚರಾಸ್ತಿಯನ್ನು ಜಪ್ತಿ ಮಾಡುವವನು ಸೂರ್ಯಾಸ್ತದ ಅನಂತರ, ಸೂರ್ಯೋದಯಕ್ಕೆ ಮೊದಲು ವಾಸದ ಮನೆಯನ್ನು ಪ್ರವೇಶಿಸಕೂಡದು. ಮನೆ ಸಾಲಗಾರನ ವಶದಲ್ಲಿದ್ದು ಅವನು ಪ್ರವೇಶಕ್ಕೆ ಅಡ್ಡಿಮಾಡಿದ ಹೊರತು ಹೊರಬಾಗಿಲನ್ನು ಒಡೆಯಕೂಡದು. ನ್ಯಾಯವಾಗಿ ಒಳಗೆ ಬಂದ ಮೇಲೆ ಕೋಣೆಗಳ ಬಾಗಿಲನ್ನು ತೆರೆಸಬಹುದು. ಆದರೆ ರೂಢಿಯಂತೆ ಹೊರಗೆ ಕಾಣಿಸಿಕೊಳ್ಳದ ಹೆಂಗಸು ಒಂದು ಕೋಣೆಯಲ್ಲಿದ್ದರೆ, ಆಕೆಗೆ ತಿಳಿಸಿ, ಹೊರಟುಹೋಗಲು ಸಮಯ, ಸೌಕರ್ಯ ಕೊಟ್ಟ ಮೇಲೆಯೇ ಪ್ರವೇಶಿಸಬೇಕು. ಇನ್ನು ೬೦ನೆಯ ಕಲಮು ಮುಟ್ಟಕೂಡದ ವಸ್ತುಗಳನ್ನು ಹೇಳುತ್ತದೆ: ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಸ್ತ್ರೀಯು ಮೈಮೇಲಿಂದ ತೆಗೆಯಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ಒಕ್ಕಲಿಗನ ನೇಗಿಲು, ಅವಶ್ಯವಾದ ದನ, ಬಿತ್ತನೆಯ ಬೀಜ, ಲೆಕ್ಕದ ಪುಸ್ತಕ. ಮಂಗಳಸೂತ್ರವನ್ನೂ ಬೀಜದ ಭತ್ತವನ್ನೂ ಒಂದೇ ಸಾಲಿನಲ್ಲಿಟ್ಟ ಈ ಕಲಮನ್ನು ಬರೆದವರಿಗೆ ಇಲ್ಲಿಯ ಸಂಸಾರದ ಪರಿಚಯವಿದ್ದಿತೆನ್ನಬೇಕು. ಭೂಕಂದಾಯದ ಜಪ್ತಿಗೂ ಈ ವಿನಾಯಿತಿಯ ವಸ್ತುಗಳು ಅನ್ವಯಿಸುತ್ತಿದ್ದವು. ಕಾಗದದ ಮೇಲೆ ಸರಕಾರಕ್ಕೂ ಸಾಹುಕಾರನಿಗೂ ಇಷ್ಟರಲ್ಲಿ ಭೇದವಿರಲಿಲ್ಲ.

ಕಾಗದಕ್ಕೂ ಬಾಗಿಲಿಗೂ ಇದ್ದ ಅಂತರವು ೧೯೨೮ರಲ್ಲಿ ಸೂರತ ಜಿಲ್ಲೆಯ ಬಾರ್ಡೋಲಿಯಲ್ಲಿ ಬಯಲಾಯಿತು. ಕಂದಾಯವನ್ನು ಶೇಕಡಾ ೨೨ರಷ್ಟು ಏರಿಸಿದುದನ್ನು ಒಪ್ಪದ ರೈತರು ವಲ್ಲಭಭಾಯಿ ಪಟೇಲರ ಮುಂದಾಳುತನದಲ್ಲಿ ಹಣ ಕೊಡಲು ನಿರಾಕರಿಸಿ, ಎಮ್ಮೆಗಳನ್ನೂ ಒಳಗೆ ಕಟ್ಟಿಕೊಂಡು, ಹಗಲೆಲ್ಲ ಬಾಗಿಲಿಗೆ ಬೀಗ ಹಾಕಿ ಕುಳಿತರು. ಸರಕಾರ ಜಪ್ತಿಯ ಕೆಲಸಕ್ಕೆ ಪಠಾಣರನ್ನು ಕರೆಸಿತು. ಬೇಲಿ ಹಾರಿದರು, ಬಾಗಿಲು ಒಡೆದರು ಎಂಬ ದೂರುಗಳು ಎದ್ದಾಗ ಕನ್ಹಯ್ಯಾಲಾಲ ಮುನ್ಶಿಯವರು ಗವರ್ನರರಿಗೆ ಬರೆದು, ಜಪ್ತಿಯ ಕ್ರಮಗಳನ್ನು ಕುರಿತು ಬೇರೆಯಾಗಿ ಒಂದು ವಿಚಾರಣೆಯನ್ನೂ ನಡೆಸಿದರು. ಕೊನೆಗೆ ಸರಕಾರವೇ ನೇಮಿಸಿದ ವಿಚಾರಣೆಯಲ್ಲಿ ಶೇಕಡಾ ಆರರ ಆಸುಪಾಸಿನ ಏರಿಕೆ ಮಾತ್ರ ನ್ಯಾಯವೆಂದು ಕಂಡುಬಂದಿತು. ದರದ ವಿಷಯ ಇತಿಹಾಸದ ಪುಸ್ತಕಗಳಲ್ಲಿ ಉಳಿಯಿತು. ಬಾಗಿಲಿನ ವಿಷಯ ಅಷ್ಟಾಗಿ ಉಳಿಯಲಿಲ್ಲ.

ನಮ್ಮ ಕಡೆ ಅದು ಇನ್ನೂ ತೀವ್ರವಾಗಿ ಬಂದಿತು. ೧೯೩೦ನೆಯ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅದೇ ವರ್ಷ ಸೆಪ್ಟೆಂಬರ್ ೨೫ರಂದು, ಇಂದಿನ ನವಿ ಮುಂಬಯಿಗೆ ಸಮೀಪದ ಉರಣ ತಾಲೂಕಿನ ಚಿರನೇರದಲ್ಲಿ ಅರಣ್ಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಕಾನಡಾ ಜಿಲ್ಲೆಯಲ್ಲಿ ಚಳವಳಿ ಕರನಿರಾಕರಣೆಗೆ ತಿರುಗಿತು. ಜಗತ್ತಿನಲ್ಲೆಲ್ಲ ಬೆಲೆ ಕುಸಿದಿದ್ದ ಕಾಲ. ಸಿದ್ದಾಪುರದ ಅಡಕೆಗೂ ಅಂಕೋಲೆಯ ಭತ್ತಕ್ಕೂ ದರವಿಲ್ಲ, ಕಂದಾಯ ಮಾತ್ರ ಹಿಂದಿನಷ್ಟೇ. ಸಿದ್ದಾಪುರ, ಅಂಕೋಲೆಗಳಲ್ಲಿ ೧೯೩೧ರಲ್ಲಿಯೂ, ಮತ್ತೆ ೧೯೩೨ರಿಂದ ೧೯೩೪ರವರೆಗೂ ರೈತರು ಕಂದಾಯ ಕೊಡದೆ ನಿಂತರು. ಸುಮಾರು ೮೦೦ ಕುಟುಂಬಗಳು ಭೂಮಿ ಕಳೆದುಕೊಂಡುವು. ಸೆರೆಮನೆಗೆ ಹೋದವರಲ್ಲಿ ಹೆಂಗಸರೂ ಬಹುಸಂಖ್ಯೆಯಲ್ಲಿದ್ದರು. ಸಿದ್ದಾಪುರದ ಗಡಿಯಾಚೆ ಮೈಸೂರು ಸಂಸ್ಥಾನದ ಸಾಗರ, ಸೊರಬ ಸೀಮೆ. ಅಲ್ಲಿ ಮುಂಬಯಿಯ ಜಪ್ತಿಯ ಹುಕುಮಿಗೆ ಬಲವಿಲ್ಲ. ಒಂದು ಹಳ್ಳ ದಾಟಿದರೆ ಕಾಯಿದೆಯೇ ಬದಲಾಗುವ ಆ ವಿಚಿತ್ರವನ್ನು ಪ್ರಾಂತಗಳ ನಕಾಶೆ ನೋಡದೆ ಊಹಿಸುವುದು ಕಷ್ಟ.

ಕಂದಾಯದ ಜೊತೆಗೆ ಬಂದುದು ದಂಡದ ಪ್ರಶ್ನೆ. ಸತ್ಯಾಗ್ರಹಿಗೆ ಸೆರೆಯೊಡನೆ ದಂಡವನ್ನೂ ವಿಧಿಸುತ್ತಿದ್ದರು. ಅವನು ಕೊಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದಿತು. ೧೮೯೮ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ೩೮೬ನೆಯ ಕಲಮು ಎರಡು ದಾರಿಗಳನ್ನು ತೆರೆದಿತ್ತು: ಅಪರಾಧಿಯ ಚರಾಸ್ತಿಯನ್ನು ನೇರವಾಗಿ ಜಪ್ತಿಮಾಡಿ ಮಾರುವ ವಾರಂಟು ಒಂದು, ಕಲೆಕ್ಟರನಿಗೆ ಕಳುಹಿಸಿ ಸಿವಿಲ್ ಡಿಕ್ರಿಯಂತೆ ವಸೂಲು ಮಾಡಿಸುವುದು ಇನ್ನೊಂದು. ಈ ಎರಡನೆಯ ದಾರಿಯಲ್ಲಿ ಕಲೆಕ್ಟರನೇ ಡಿಕ್ರಿದಾರನೆಂದು ಭಾವಿಸತಕ್ಕುದು. ಆದುದರಿಂದ ಸೂರ್ಯಾಸ್ತದ ನಿಯಮವೂ ಅಡಿಗೆಯ ಪಾತ್ರೆಯ ನಿಯಮವೂ ಅವನನ್ನು ಕಟ್ಟಿಹಾಕುತ್ತಿದ್ದವು. ದಂಡಕ್ಕೆ ಬದಲಾದ ಸೆರೆಯನ್ನು ಪೂರ್ತಿ ಅನುಭವಿಸಿದವನ ಮೇಲೆ, ವಿಶೇಷ ಕಾರಣಗಳನ್ನು ಬರೆದಿಡದೆ ವಾರಂಟು ಹೊರಡಿಸಕೂಡದೆಂಬ ಕಟ್ಟೂ ಇದ್ದಿತು.

ಎಲ್ಲಕ್ಕಿಂತ ತೊಡಕಿನದು ಅವಿಭಕ್ತ ಕುಟುಂಬದ ಸಮಸ್ಯೆ. ವಾರಂಟು ಹೇಳುವುದು ಅಪರಾಧಿಯ ಚರಾಸ್ತಿಯೆಂದು. ಮಗನಿಗೆ ದಂಡವಾದರೆ ತಂದೆಯ ಮನೆಯ ಹಂಡೆ ಯಾರದು? ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರು ಒಂದೇ ಒಲೆಯಲ್ಲಿ ಉಣ್ಣುವ ಮಲೆನಾಡಿನ ಮನೆಯಲ್ಲಿ ಯಾವ ಕಂಚಿನ ತಟ್ಟೆಯ ಮೇಲೂ ಒಬ್ಬನ ಹೆಸರಿನ ಹಕ್ಕು ಇರಲಿಲ್ಲ. ಬೇರೆಯವರು ತಮ್ಮ ವಸ್ತುವೆಂದು ತಕರಾರು ಹೇಳಿದರೆ ಅದನ್ನು ಸಂಕ್ಷೇಪವಾಗಿ ತೀರ್ಮಾನಿಸಲು ಸರಕಾರ ನಿಯಮ ಮಾಡಬಹುದೆಂದು ಆ ಕಲಮೇ ಹೇಳಿತ್ತು. ಅಂದರೆ ಇಂಥ ತಕರಾರು ಬಂದೇ ಬರುವುದೆಂದು ಶಾಸನಕರ್ತರಿಗೆ ತಿಳಿದಿದ್ದಿತು. ೧೯೩೨ರ ಜನವರಿಯ ತುರ್ತು ಅಧಿಕಾರಗಳ ಆರ್ಡಿನೆನ್ಸು ಈ ಗಂಟನ್ನು ಬಿಡಿಸುವ ಬದಲು ಕತ್ತರಿಸಿತು: ಹದಿನಾರು ತುಂಬದ ಹುಡುಗನ ದಂಡವನ್ನು ತಂದೆ ಅಥವಾ ಪೋಷಕನೇ ಕೊಡತಕ್ಕುದೆಂದು ಆಜ್ಞಾಪಿಸುವ ಅಧಿಕಾರ ನ್ಯಾಯಾಧೀಶನಿಗೆ ದೊರೆಯಿತು.

೧೯೩೧ರ ಮಾರ್ಚ್ ೫ರ ಗಾಂಧಿ–ಇರ್ವಿನ್ ಒಪ್ಪಂದವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ವಸೂಲಾಗದ ದಂಡ ಮಾಫಿ. ವಸೂಲಾದ ದಂಡ ಹಿಂದಕ್ಕಿಲ್ಲ. ಸರಕಾರದ ವಶದಲ್ಲಿಯೇ ಉಳಿದ ಚರಾಸ್ತಿ ವಾಪಸು, ಬಾಕಿದಾರನು ಹಟದಿಂದ ಕಂದಾಯ ಕೊಡಲಾರನೆಂದು ಕಲೆಕ್ಟರನಿಗೆ ತೋರದ ಪಕ್ಷದಲ್ಲಿ, ಮಾರಾಟವಾದುದಕ್ಕೆ ಪರಿಹಾರವಿಲ್ಲ. ಮೂರನೆಯವರಿಗೆ ಮಾರಿದ ಭೂಮಿಯ ವ್ಯವಹಾರ, ಸರಕಾರದ ಮಟ್ಟಿಗೆ, ಅಂತಿಮ. ಇದರ ಫಲವೇನು? ಬೇಲೀಫ ತಡವಾಗಿ ಬಂದ ಮನೆ ಉಳಿಯಿತು. ಬೇಗ ಬಂದ ಮನೆ ಹೋಯಿತು. ರಾಜಕೀಯವಾಗಿ ದೊಡ್ಡದೆನಿಸಿದ ಒಪ್ಪಂದವು ಹೊಸ್ತಿಲಿನ ಮಟ್ಟದಲ್ಲಿ ಅದೃಷ್ಟದ ಆಟವಾಯಿತೆಂದರೆ ಅತಿಶಯೋಕ್ತಿಯಲ್ಲ.

ಆದುದರಿಂದಲೇ ೧೯೩೨ರಲ್ಲಿ ಹೋರಾಟ ಮರಳಿ ಹೊತ್ತಿಕೊಂಡಾಗ ಅದರ ಮೊನೆ ಸರಕಾರದಿಂದ ಕೊಳ್ಳುವವನ ಕಡೆಗೆ ತಿರುಗಿದುದು ಸಹಜ. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಾದ ಆಸ್ತಿಯನ್ನು ಕೊಂಡವರ ಮನೆಗಳ ಮುಂದೆ ಉಪವಾಸ ಕುಳಿತರು. ಕಾಯಿದೆಯ ೬೨ನೆಯ ಕಲಮು ಕಲ್ಪಿಸಿಕೊಂಡಿದ್ದ ಸ್ತ್ರೀ, ಬೇಲೀಫ ಬಂದಾಗ ಒಳಕೋಣೆಯಿಂದ ಸರಿದುಹೋಗುವವಳು. ಮಾವಿನಗುಂಡಿಯ ಸ್ತ್ರೀ ತನ್ನ ಮನೆ ಬಿಟ್ಟು ಲಿಲಾವು ಹಿಡಿದವನ ಅಂಗಳದಲ್ಲಿ ಕುಳಿತಳು. ಇದರಿಂದ ಆ ಮನೆಯವರ ನೆಮ್ಮದಿಗೆ ಭಂಗವಾಗಲಿಲ್ಲವೆ ಎಂದು ಇಂದಿನ ವಾಚಕರು ಕೇಳಬಹುದು. ಆಯಿತು, ಆಗಬೇಕೆಂದೇ ಅವರು ಕುಳಿತುದು. ಆದರೆ ಅವರ ಕೈಯಲ್ಲಿ ವಾರಂಟಿರಲಿಲ್ಲ, ಅವರು ಬಾಗಿಲು ಒಡೆಯಲಿಲ್ಲ, ಕಷ್ಟವೆಲ್ಲ ಅವರ ಮೈಮೇಲೆಯೇ ಇದ್ದಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. ೧೯೩೭ರಲ್ಲಿ ಅಧಿಕಾರಕ್ಕೆ ಬಂದ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಮುಟ್ಟುಗೋಲಾದ ಭೂಮಿಗಳನ್ನು ಮೂಲ ಒಡೆಯರಿಗೆ ಮರಳಿಸುವ ಕ್ರಮ ಕೈಕೊಂಡಿತು, ಅಂತಿಮವೆಂದುದು ಅಂತಿಮವಾಗಲಿಲ್ಲ.

ಸ್ವಾತಂತ್ರ್ಯಾನಂತರ ಈ ಕಥೆ ಎರಡು ಕವಲಾಗಿ ಹರಿದಿದೆ. ಒಂದು ಕವಲಿನಲ್ಲಿ ಸರಕಾರದ ಕೈ ನೀಳವಾಯಿತು. ೧೮೭೯ರ ಸಂಹಿತೆಯ ಸ್ಥಾನದಲ್ಲಿ ಮಹಾರಾಷ್ಟ್ರ ಭೂಕಂದಾಯ ಸಂಹಿತೆ, ೧೯೬೬, ಬಂದಿತು. ನೋಟೀಸು, ಜಪ್ತಿ, ಮಾರಾಟಗಳ ಚೌಕಟ್ಟು ಹಳೆಯದೇ. ೧೯೭೩ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ೪೨೧ನೆಯ ಕಲಮಿನಲ್ಲಿ ಒಂದು ಸಣ್ಣ ಬದಲಾವಣೆ ನಡೆಯಿತು: ಕಲೆಕ್ಟರನ ಮೂಲಕ ವಸೂಲಾಗುವ ದಂಡ ಇನ್ನು ಮುಂದೆ ಸಿವಿಲ್ ಡಿಕ್ರಿಯಂತಲ್ಲ, ಭೂಕಂದಾಯದ ಬಾಕಿಯಂತೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೬೧ನೆಯ ಕಲಮೂ ಹಾಗೆಯೇ ಇದೆ. ಒಂದು ಗುಂಟೆ ನೆಲವಿಲ್ಲದೆ ಕಲ್ಯಾಣದ ಮೂರನೆಯ ಮಹಡಿಯಲ್ಲಿ ವಾಸಿಸುವವನು ನ್ಯಾಯಾಲಯ ವಿಧಿಸಿದ ದಂಡ ಕೊಡದಿದ್ದರೆ, ಕಾಯಿದೆಯ ಕಣ್ಣಿಗೆ ಅವನು ಸಿದ್ದಾಪುರದ ಅಡಕೆ ತೋಟದವನಂತೆ ಕಂದಾಯದ ಬಾಕಿದಾರ. ಎರಡು ರಕ್ಷಣೆಗಳು ಮಾತ್ರ ಉಳಿದಿವೆ: ಕಲೆಕ್ಟರನ ವಾರಂಟಿನಿಂದ ದಂಡಕ್ಕಾಗಿ ಅವನನ್ನು ಬಂಧಿಸಕೂಡದು, ಸಿವಿಲ್ ಸಂಹಿತೆಯ ೬೦ನೆಯ ಕಲಮಿನ ವಸ್ತುಗಳನ್ನು ಮುಟ್ಟಕೂಡದು.

ಇನ್ನೊಂದು ಕವಲು ಖಾಸಗಿ ಬಾಳಿನ ಹಕ್ಕಿನದು. ಅದು ಪಾಶ್ಚಾತ್ಯರಿಂದ ತಂದ ಹೊಸ ಸರಕೆಂಬ ಮಾತು ಪೂರ್ಣ ಸತ್ಯವಲ್ಲ. ನೆರೆಮನೆಯ ಒಳಾಂಗಣ ಕಾಣುವಂತೆ ಹೊಸ ಕಿಟಕಿ ತೆರೆಯಕೂಡದೆಂಬ ಊರಿನ ರೂಢಿಯನ್ನು ೧೮೮೨ರ ಈಸ್‌ಮೆಂಟ್ ಕಾಯಿದೆ ಉದಾಹರಣೆಯಾಗಿಯೇ ಕೊಟ್ಟಿದೆ. ೧೮೮೮ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯ ಅಂಥ ರೂಢಿಯನ್ನು ಎತ್ತಿಹಿಡಿಯಿತು. ಆದರೆ ಅದು ನೆರೆಯವನ ವಿರುದ್ಧದ ಹಕ್ಕು. ಸರಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯ ೧೯೫೪ರ ಎಂ. ಪಿ. ಶರ್ಮಾ ಮೊಕದ್ದಮೆಯಲ್ಲಿ ಅದನ್ನು ಒಪ್ಪಲಿಲ್ಲ. ೧೯೬೨ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಪೋಲೀಸರು ರಾತ್ರಿಯ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುವುದನ್ನು ರದ್ದುಮಾಡಿತಾದರೂ ಹಕ್ಕಿನ ಹೆಸರನ್ನು ಹೇಳಲು ಬಹುಮತ ಹಿಂಜರಿಯಿತು. ೨೦೦೪ರಲ್ಲಿ ಕೆನರಾ ಬ್ಯಾಂಕಿನ ಮೊಕದ್ದಮೆ ಬಂದಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಬ್ಯಾಂಕು ಅದು. ಮುದ್ರಾಂಕ ಶುಲ್ಕದ ಹೆಸರಿನಲ್ಲಿ, ಕಲೆಕ್ಟರನು ಅಧಿಕಾರ ಕೊಟ್ಟ ಯಾರೇ ಆಗಲಿ ಒಳಹೊಕ್ಕು ದಸ್ತೈವಜುಗಳನ್ನು ವಶಪಡಿಸಿಕೊಳ್ಳಬಹುದೆಂದಿದ್ದ ಆಂಧ್ರದ ತಿದ್ದುಪಡಿಯನ್ನು ನ್ಯಾಯಾಲಯ ತಳ್ಳಿಹಾಕಿ, ಬ್ಯಾಂಕಿನಲ್ಲಿಟ್ಟ ಕಾಗದಪತ್ರಗಳಲ್ಲಿಯೂ ಗಿರಾಕಿಯ ಖಾಸಗಿತನ ಉಳಿದಿರುತ್ತದೆಂದಿತು. ಕೊನೆಗೆ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಹೂಡಿದ ದಾವೆಯಲ್ಲಿ, ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ ಅದನ್ನು ಮೂಲಭೂತ ಹಕ್ಕೆಂದು ಸಾರಿದರು.

ಈ ಎರಡು ಕವಲುಗಳು ನಮ್ಮ ನಗರಗಳಲ್ಲಿ ಕೂಡುವ ಸ್ಥಳ ಇಂದು ಕೈಯ ಮೊಬೈಲು. ಬ್ಯಾಂಕಿನ ವಸೂಲಿಯ ಏಜಂಟನು ಬೇಲೀಫನಲ್ಲ. ಅವನಿಗೆ ನ್ಯಾಯಾಲಯದ ವಾರಂಟಿಲ್ಲ, ಕರೆಯದೆ ಮನೆಯೊಳಗೆ ಬರುವ ಹಕ್ಕಿಲ್ಲ. ಬೆಳಗಿನ ಎಂಟಕ್ಕೆ ಮೊದಲು, ಸಂಜೆಯ ಏಳರ ಮೇಲೆ ವಸೂಲಿಗಾಗಿ ಸಾಲಗಾರನಿಗೆ ಕರೆ ಮಾಡಕೂಡದೆಂದು ರಿಜರ್ವ್ ಬ್ಯಾಂಕು ೨೦೨೨ರ ಆಗಸ್ಟಿನಲ್ಲಿ ಸೂಚಿಸಿತು. ೧೯೦೮ರ ಸೂರ್ಯನ ನಿಯಮವೇ ಗಡಿಯಾರದ ರೂಪದಲ್ಲಿ ಮರಳಿದಂತಾಯಿತು. ನಿಜವಾದ ಬೇಲೀಫ ಬಂದಾಗಲಾದರೂ ಸಹಿ, ಮುದ್ರೆಯುಳ್ಳ ವಾರಂಟನ್ನು ತೋರಿಸೆಂದು ಕೇಳಬಹುದು, ಅದರಲ್ಲಿರುವ ಹೆಸರು, ಮೊತ್ತ, ತಾರೀಖುಗಳನ್ನು ನೋಡಬಹುದು, ವಸ್ತು ತನ್ನದಲ್ಲದಿದ್ದರೆ ಸ್ಥಳದಲ್ಲಿಯೇ ತಕರಾರು ಬರೆಸಬಹುದು. ಬಾಗಿಲಿಗೆ ಅಡ್ಡ ನಿಂತರೆ ಮಾತ್ರ ಕಾಯಿದೆ ಅವನ ಕೈಗೇ ಬಲ ಕೊಡುತ್ತದೆ. ಅವನು ಮೊಬೈಲನ್ನು ಚರಾಸ್ತಿಯೆಂದು ಎತ್ತಿಕೊಂಡರೆ? ಜಪ್ತಿಯ ವಾರಂಟು ವಸ್ತುವನ್ನು ಹಿಡಿದು ಮಾರುವುದಕ್ಕೆ. ಅದರೊಳಗಿನ ಪತ್ರ, ಚಿತ್ರ, ಬ್ಯಾಂಕಿನ ಲೆಕ್ಕಗಳನ್ನು ಓದುವುದಕ್ಕೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ೬೦ನೆಯ ಕಲಮು ಲೆಕ್ಕದ ಪುಸ್ತಕವನ್ನು ಮುಟ್ಟಬಾರದೆಂದಿರುವುದನ್ನು ಮೇಲೆ ಕಂಡೆವು. ಅಂಗಡಿಯ ಲೆಕ್ಕವನ್ನೆಲ್ಲ ಮೊಬೈಲಿನಲ್ಲಿಯೇ ಇಟ್ಟುಕೊಂಡಿರುವ ಡೊಂಬಿವಲಿಯ ವ್ಯಾಪಾರಿಯ ಪರವಾಗಿ ಆ ಕಲಮನ್ನು ಮುಂದಿಟ್ಟು ವಾದಿಸಲು ವಕೀಲನಿಗೆ ಸಾಕಷ್ಟು ಆಧಾರವಿದೆ.