ಕಾಲಡಿಯ ಮಣ್ಣನ್ನೇ ಪಾಠವಾಗಿಸಿದ ಪ್ರಾಧ್ಯಾಪಕ: ಕೆ.ಎಸ್. ಜಗದೀಶ್ ಮತ್ತು ಕರಾವಳಿಯ ಮನೆಗಳು

ಸಿವಿಲ್ ಎಂಜಿನಿಯರಿಂಗ್ ಎಂದೊಡನೆ ಅಣೆಕಟ್ಟು, ಸೇತುವೆ, ಬಹುಮಹಡಿ ಕಟ್ಟಡಗಳೇ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ದೇಶದ ಬಹುಪಾಲು ಜನ ವಾಸಿಸುವುದು ಒಂದು ಅಥವಾ ಎರಡು ಅಂತಸ್ತಿನ ಸಾಧಾರಣ ಮನೆಗಳಲ್ಲಿ. ಈ ಮನೆಗಳ ಗೋಡೆಗೂ ಸೇತುವೆಯ ಕಂಬಕ್ಕೆ ಸಲ್ಲುವಷ್ಟೇ ವೈಜ್ಞಾನಿಕ ಗಮನ ಸಲ್ಲಬೇಕೆಂದು ತಮ್ಮ ವೃತ್ತಿಜೀವನವನ್ನೇ ಅದಕ್ಕೆ ಮುಡಿಪಾಗಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ.ಎಸ್. ಜಗದೀಶ್. ಅವರು ಕೆಲಸ ಮಾಡಿದ್ದು ಹೆಚ್ಚಾಗಿ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ. ಆದರೆ ಅವರು ಕಲಿಸಿದ ಪಾಠದ ಅಗತ್ಯ ಇಂದು ಹೆಚ್ಚಾಗಿ ಕಾಣುತ್ತಿರುವುದು ಚಿರೇಕಲ್ಲಿನ ನಾಡಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಂಥ ಪ್ರದೇಶಗಳಲ್ಲಿ.

'ಅಸ್ತ್ರ'ದ ಹಿನ್ನೆಲೆ

1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ (1930–2006) ಅವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಉದ್ದೇಶ. ಇದೇ ಘಟಕ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂದು ಹೆಸರು ಬದಲಿಸಿಕೊಂಡಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಪ್ರಯೋಗಾಲಯದಲ್ಲಿ ರೂಪುಗೊಂಡದ್ದು ಹಳ್ಳಿಯಲ್ಲಿ ನಿಲ್ಲುತ್ತದೆಯೇ ಎಂಬ ಪರೀಕ್ಷೆ ನಡೆಯುತ್ತಿದ್ದುದು ಅಲ್ಲಿಯೇ.

ಜಗದೀಶ್ ಈ ತಂಡದ ಪ್ರಮುಖರಲ್ಲೊಬ್ಬರು. ಕಡಿಮೆ ಸೌದೆಯಲ್ಲಿ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುತ್ತ ಉರಿಯುವ ಮೂರು ಪಾತ್ರೆಯ 'ಅಸ್ತ್ರ ಒಲೆ'ಯನ್ನು ರೂಪಿಸಿದ ಬಳಗದಲ್ಲಿ ಅವರೂ ಇದ್ದರು. ರಾಜ್ಯದ ಮನೆಮಾತಾದದ್ದು ಒಲೆಯ ಹೆಸರಾದರೂ, ಅವರ ಬೋಧನೆ ಮತ್ತು ಸಂಶೋಧನೆಯ ಕೇಂದ್ರದಲ್ಲಿದ್ದುದು ಗೋಡೆ.

ಮಣ್ಣಿನ ಇಟ್ಟಿಗೆಯ ಲೆಕ್ಕಾಚಾರ

ಸುಟ್ಟ ಇಟ್ಟಿಗೆಗೆ ಸೌದೆ ಅಥವಾ ಕಲ್ಲಿದ್ದಲು ಬೇಕು. ಹಸಿ ಮಣ್ಣಿನ ಗೋಡೆಗೆ ಅದು ಬೇಡ, ಆದರೆ ಮಳೆಗೆ ಕರಗುತ್ತದೆ. ಇವೆರಡರ ನಡುವಿನ ದಾರಿಯೇ ಸ್ಥಿರೀಕೃತ ಮಣ್ಣಿನ ಇಟ್ಟಿಗೆ. ಜರಡಿ ಹಿಡಿದ ಮಣ್ಣಿಗೆ ಅಗತ್ಯವಿದ್ದಷ್ಟು ಮರಳು ಅಥವಾ ಕಲ್ಲುಪುಡಿ, ಸಾಮಾನ್ಯವಾಗಿ ಶೇ 6ರಿಂದ 8ರಷ್ಟು ಸಿಮೆಂಟ್ ಮತ್ತು ಹದವಾದ ನೀರು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದು, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧವಾಗುತ್ತದೆ. 'ಅಸ್ತ್ರ' ಬಳಗ ಇದಕ್ಕಾಗಿ 'ಆಸ್ಟ್ರಾಂ' ಎಂಬ ಯಂತ್ರವನ್ನೂ ರೂಪಿಸಿತು.

ಕೇಳಲು ಸರಳವಾದರೂ ಇದರ ಹಿಂದೆ ಗಂಭೀರವಾದ ಶಾಸ್ತ್ರವಿದೆ. ಮಣ್ಣಿನಲ್ಲಿ ಜೇಡಿ ಹೆಚ್ಚಾದರೆ ಇಟ್ಟಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ, ತೀರ ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಒಡೆಯುತ್ತದೆ. ಕೆಂಪುಮಣ್ಣಿಗೆ ಸಿಮೆಂಟ್ ಒಗ್ಗುತ್ತದೆ, ಹಿಗ್ಗುವ ಗುಣದ ಎರೆಮಣ್ಣಿಗೆ ಸುಣ್ಣ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಟ್ಟಿಗೆಯ ಬಲವನ್ನು ಒಣಗಿದಾಗ ಅಳೆದರೆ ಸಾಲದು. ನೀರಿನಲ್ಲಿ ನೆನೆಸಿ ತೆಗೆದ ಮೇಲೆ ಅದು ಎಷ್ಟು ಭಾರ ಹೊರುತ್ತದೆ ಎಂಬುದೇ ನಿಜವಾದ ಅಳತೆ.

2003ರಲ್ಲಿ ಜಗದೀಶ್ ಮತ್ತು ಅವರ ಸಹೋದ್ಯೋಗಿ ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಅವರು ಕಟ್ಟಡ ಸಾಮಗ್ರಿಗಳ ಅಂತರ್ಗತ ಶಕ್ತಿಯ ಕುರಿತು ಪ್ರಕಟಿಸಿದ ಪ್ರಬಂಧ ಅಂತರರಾಷ್ಟ್ರೀಯ ಮಟ್ಟದಲ್ಲಿ ಗಮನ ಸೆಳೆಯಿತು. ಸಾಮಗ್ರಿಯ ತಯಾರಿಕೆ ಮತ್ತು ಸಾಗಣೆಗೆ ವ್ಯಯವಾಗುವ ಒಟ್ಟು ಶಕ್ತಿಯೇ ಅಂತರ್ಗತ ಶಕ್ತಿ. ಮಣ್ಣು–ಸಿಮೆಂಟ್ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ಸುಮಾರು ನಾಲ್ಕನೇ ಒಂದು ಭಾಗದಷ್ಟೇ ಶಕ್ತಿ ಸಾಕು ಎಂದೂ, ಭಾರ ಹೊರುವ ಗೋಡೆಗಳ ಕಟ್ಟಡದಲ್ಲಿ ಇಂಥ ಪರ್ಯಾಯ ಸಾಮಗ್ರಿ ಬಳಸಿದರೆ ಒಟ್ಟು ಅಂತರ್ಗತ ಶಕ್ತಿಯನ್ನು ಶೇ 50ರಷ್ಟು ತಗ್ಗಿಸಬಹುದು ಎಂದೂ ಆ ಅಧ್ಯಯನ ತೋರಿಸಿತು. ಇಂಗಾಲದ ಹೊರಸೂಸುವಿಕೆ ಇಂದಿನಂತೆ ದಿನನಿತ್ಯದ ಚರ್ಚೆಯಾಗುವುದಕ್ಕೆ ಮೊದಲೇ ಈ ಲೆಕ್ಕ ವಿದ್ಯಾರ್ಥಿಗಳ ಕೈ ಸೇರಿತ್ತು.

ಭುಜ್ ಕಲಿಸಿದ್ದು

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಭೀಕರ ಭೂಕಂಪ ಸಂಭವಿಸಿತು. ಕುಸಿದ ಕಲ್ಲು–ಇಟ್ಟಿಗೆ ಕಟ್ಟಡಗಳ ಸ್ವರೂಪವನ್ನು ಸ್ಥಳದಲ್ಲಿಯೇ ಸಮೀಕ್ಷಿಸಿ ಜಗದೀಶ್, ಎಸ್. ರಘುನಾಥ್ ಮತ್ತು ಕೆ.ಎಸ್. ನಂಜುಂಡ ರಾವ್ ಅವರು 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಗೋಡೆಗಳು ಯಾವ ರೀತಿ ಬಿದ್ದವು, ಭಾರತೀಯ ಸಂಹಿತೆ ಸೂಚಿಸುವ ರಕ್ಷಣಾ ಕ್ರಮಗಳು ಎಷ್ಟರ ಮಟ್ಟಿಗೆ ಕೆಲಸ ಮಾಡಿದವು ಎಂಬುದೇ ಅದರ ವಿಷಯ.

ಇದೇ ಬಳಗ ಅಧ್ಯಯನ ಮಾಡಿದ ಒಂದು ಉಪಾಯದಲ್ಲಿ ಗೋಡೆಯ ಎರಡೂ ಮೈಗಳ ಮೇಲೆ ಲಂಬವಾಗಿ ತೆಳು ಕಬ್ಬಿಣವನ್ನು ಹಾಯಿಸಿ, ಗಾರೆಯ ಸಂದುಗಳ ಮೂಲಕ ಒಂದಕ್ಕೊಂದು ಕಟ್ಟಲಾಗುತ್ತದೆ. ಭೂಮಿ ನಡುಗಿದಾಗ ಗೋಡೆ ಬಿರುಕು ಬಿಟ್ಟರೂ ಒಮ್ಮೆಲೇ ಉರುಳದಂತೆ ಈ ಕಟ್ಟು ತಡೆಯುತ್ತದೆ. ಗೋಡೆ ಬಿರಿಯುವುದಕ್ಕೂ ಬೀಳುವುದಕ್ಕೂ ನಡುವೆ ಸಿಗುವ ಕ್ಷಣಗಳಲ್ಲಿ ಮನೆಯವರ ಜೀವ ಉಳಿಯಬಹುದು. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ಕಾರವಾರ ಮತ್ತು ಮಂಗಳೂರು ಮೂರನೇ ವಲಯದಲ್ಲಿದ್ದವು ಎಂಬುದನ್ನು ಗಮನಿಸಿದರೆ, ಇದು ನಮಗೆ ಸಂಬಂಧಿಸದ ದೂರದ ಸಂಗತಿಯಲ್ಲ.

ಪಾಠ, ಪುಸ್ತಕ, ಶಿಷ್ಯವರ್ಗ

ನಿವೃತ್ತಿಯ ನಂತರವೂ ಜಗದೀಶ್ ಬೋಧನೆಯನ್ನು ಬಿಡಲಿಲ್ಲ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 'ಗ್ರಾಮವಿದ್ಯಾ' ಸಂಸ್ಥೆಯ ಮೂಲಕ ಪರ್ಯಾಯ ನಿರ್ಮಾಣ ತಂತ್ರಗಳ ಪ್ರಸಾರದಲ್ಲಿ ತೊಡಗಿದರು. ವೆಂಕಟರಾಮ ರೆಡ್ಡಿ ಮತ್ತು ನಂಜುಂಡ ರಾವ್ ಅವರೊಂದಿಗೆ ಬರೆದ, ಪರ್ಯಾಯ ಕಟ್ಟಡ ಸಾಮಗ್ರಿ ಹಾಗೂ ತಂತ್ರಜ್ಞಾನಗಳ ಕುರಿತ ಇಂಗ್ಲಿಷ್ ಪಠ್ಯಪುಸ್ತಕ 2007ರಲ್ಲಿ ಹೊರಬಂತು. ಸ್ಥಿರೀಕೃತ ಮಣ್ಣಿನ ನಿರ್ಮಾಣ ಮತ್ತು ಗೋಡೆಗಳ ರಚನಾಶಾಸ್ತ್ರದ ಕುರಿತೂ ಅವರು ಪ್ರತ್ಯೇಕ ಗ್ರಂಥಗಳನ್ನು ರಚಿಸಿದ್ದಾರೆ.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಪಠ್ಯಕ್ರಮದಲ್ಲಿ ಪರ್ಯಾಯ ಕಟ್ಟಡ ಸಾಮಗ್ರಿಗಳು ಐಚ್ಛಿಕ ವಿಷಯವಾಗಿ ಸ್ಥಾನ ಪಡೆದವು. ಅದಕ್ಕೆ ಸೂಚಿತವಾದ ಆಕರಗಳಲ್ಲಿ ಈ ಪುಸ್ತಕವೂ ಸೇರಿತು. ಒಬ್ಬ ಪ್ರಾಧ್ಯಾಪಕನ ತರಗತಿಯಲ್ಲಿ ಕೂರುವ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯಿದೆ. ಪಠ್ಯಕ್ರಮದೊಳಗೆ ಸೇರಿದ ಪುಸ್ತಕಕ್ಕೆ ಅಂಥ ಮಿತಿಯಿಲ್ಲ. ಸಂಶೋಧನೆಯಲ್ಲಿ ಜೊತೆಗಿದ್ದವರು ತಾವೇ ಅಧ್ಯಾಪಕರಾಗಿ ಮುಂದಿನ ತಲೆಮಾರನ್ನು ತಿದ್ದಿದ್ದು ಅವರ ವೃತ್ತಿಜೀವನದ ಇನ್ನೊಂದು ಫಲ. ಭುಜ್ ಅಧ್ಯಯನದ ಜೊತೆಗಾರ ರಘುನಾಥ್ ಬೆಂಗಳೂರಿನ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಚಿರೇಕಲ್ಲಿನ ನಾಡಿನಲ್ಲಿ

ಈ ಪಠ್ಯ ತಲುಪಿದ ವಿಶ್ವವಿದ್ಯಾಲಯದ ವ್ಯಾಪ್ತಿಯೊಳಗೇ ಭಟ್ಕಳವೂ ಇದೆ. 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ–ಎ–ಮುಸ್ಲಿಮೀನ್ ಸಂಸ್ಥೆ 1980ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿತು. ಈ ಕರಾವಳಿಯ ವಿದ್ಯಾರ್ಥಿಗೆ ಕಲಿಕೆಯ ಸಾಮಗ್ರಿ ಕಾಲೇಜಿನ ಆವರಣದ ಹೊರಗೇ ಸಿಗುತ್ತದೆ.

ಜಂಬಿಟ್ಟಿಗೆ ಅಥವಾ ಚಿರೇಕಲ್ಲು ಇಲ್ಲಿನ ಮೂಲ ಕಟ್ಟಡ ಸಾಮಗ್ರಿ. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯ ಗೋಡೆಗಳು ಇದೇ ಕಲ್ಲಿನವು. ನೆಲದಲ್ಲಿರುವಾಗ ಮೆತ್ತಗಿದ್ದು ಕತ್ತರಿಸಲು ಸುಲಭವಾದ ಈ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಮಲಬಾರಿನಲ್ಲಿ ಇದನ್ನು ಗಮನಿಸಿ 'ಲ್ಯಾಟರೈಟ್' ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್, ಅದೇ ಪ್ರವಾಸದಲ್ಲಿ ಕೆನರಾ ಕರಾವಳಿಯಲ್ಲೂ ಸಂಚರಿಸಿದ್ದ. ಅವನ ಪ್ರವಾಸ ಗ್ರಂಥ 1807ರಲ್ಲಿ ಪ್ರಕಟವಾಯಿತು.

ಆದರೆ ಎಲ್ಲ ಚಿರೇಕಲ್ಲೂ ಒಂದೇ ಅಲ್ಲ. ಒಂದೇ ಕ್ವಾರಿಯ ಮೇಲ್ಪದರದ ಕಲ್ಲು ಗಟ್ಟಿಯಿದ್ದು, ಆಳದ ಕಲ್ಲು ಜೇಡಿಯಿಂದ ಕೂಡಿ ದುರ್ಬಲವಾಗಿರಬಹುದು. ಚಿರೇಕಲ್ಲಿಗೂ ಭಾರತೀಯ ಮಾನಕವಿದೆ. 1979ರ ಆ ಮಾನಕದ ಪ್ರಕಾರ ಕಲ್ಲಿನ ಒತ್ತಡ ತಾಳುವ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು. ಮನೆ ಕಟ್ಟಿಸುವವರು ಲೋಡಿನ ಲೆಕ್ಕದಲ್ಲಿ ಕಲ್ಲು ತರಿಸುತ್ತಾರೆ, ಬಲವನ್ನು ಪರೀಕ್ಷಿಸಿ ತರಿಸುವವರು ವಿರಳ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳಲ್ಲಿ, ನೆನೆದ ಸ್ಥಿತಿಯ ಬಲವೇ ನಿಜವಾದ ಬಲ ಎಂಬ ಪಾಠ ಪಠ್ಯಪುಸ್ತಕದಲ್ಲೇ ಉಳಿಯಬಾರದು.

ಕಾಂಕ್ರೀಟ್ ಮನೆಗಳಿಗೂ ಕರಾವಳಿ ವಿನಾಯಿತಿ ಕೊಡುವುದಿಲ್ಲ. ಉಪ್ಪು ಬೆರೆತ ಗಾಳಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಹೊರಗಿನ ಕಾಂಕ್ರೀಟನ್ನು ಸೀಳುತ್ತದೆ. 2000ದ ಕಾಂಕ್ರೀಟ್ ಸಂಹಿತೆ ಕರಾವಳಿಯ ವಾತಾವರಣಕ್ಕೆ ನೇರವಾಗಿ ಒಡ್ಡಿಕೊಂಡ ಕಾಂಕ್ರೀಟನ್ನು 'ತೀವ್ರ' ವರ್ಗಕ್ಕೆ ಸೇರಿಸಿ, ಕಬ್ಬಿಣದ ಮೇಲೆ ಕನಿಷ್ಠ 45 ಮಿಲಿಮೀಟರ್ ಹೊದಿಕೆಯನ್ನೂ, ಎಂ–30 ದರ್ಜೆಯ ಕಾಂಕ್ರೀಟನ್ನೂ ಸೂಚಿಸಿತು. ಬಯಲುಸೀಮೆಯ ರೂಢಿಯನ್ನೇ ಇಲ್ಲಿಗೂ ತಂದರೆ ಬೆಲೆ ತೆರಬೇಕಾದವರು ಮನೆಯವರೇ.

ಮಿತಿಗಳು ಮತ್ತು ಎಚ್ಚರ

ಮಣ್ಣಿನ ಇಟ್ಟಿಗೆ ಸರ್ವರೋಗ ನಿವಾರಕವಲ್ಲ. ಕರಾವಳಿಯ ಬೀಸುಮಳೆಗೆ ಅಗಲವಾದ ಸೂರು, ಎತ್ತರದ ಪಾಯ ಮತ್ತು ನೀರು ನಿಲ್ಲದ ಅಂಗಳ ಅಗತ್ಯ. ಇಟ್ಟಿಗೆ ಒತ್ತುವಾಗ ಮಣ್ಣಿನ ಹದ ತಪ್ಪಿದರೆ ಸಿಮೆಂಟ್ ವ್ಯರ್ಥವಾಗುತ್ತದೆ. ಮೇಸ್ತ್ರಿಗಳಿಗೆ ತರಬೇತಿ ಇಲ್ಲದಿದ್ದರೆ ಎಂಜಿನಿಯರರ ವಿನ್ಯಾಸ ಕಾಗದದ ಮೇಲಷ್ಟೇ ಉಳಿಯುತ್ತದೆ. ಸ್ಥಿರೀಕೃತ ಮಣ್ಣಿನ ಇಟ್ಟಿಗೆಯ ಭಾರತೀಯ ಮಾನಕ 2013ರಲ್ಲಿ ಪರಿಷ್ಕರಣೆಗೊಂಡಿರುವುದರಿಂದ, ಗುಣಮಟ್ಟವನ್ನು ಅಳೆಯಲು ಅಧಿಕೃತ ಆಧಾರವಂತೂ ಇದೆ.

ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಹಿಂದಿನ ಗುಡ್ಡ ಜಾರಿದರೆ ಉಪಯೋಗವಿಲ್ಲ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ನೀರು ಕುಡಿದ ಮಣ್ಣಿನ ವರ್ತನೆಯನ್ನು ಅರಿಯುವುದು ಕಟ್ಟಡಕ್ಕೆ ಮಾತ್ರವಲ್ಲ, ಕಟ್ಟಡ ನಿಲ್ಲುವ ಜಾಗವನ್ನು ಆರಿಸುವುದಕ್ಕೂ ಬೇಕು.

ಜಗದೀಶ್ ಅವರಂಥ ಅಧ್ಯಾಪಕರ ಸಾಧನೆಯನ್ನು ಉದ್ಘಾಟನೆಯ ಫಲಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಮನೆ ಕಟ್ಟುವ ಮುನ್ನ ಮಣ್ಣನ್ನು ಜರಡಿ ಹಿಡಿದು, ಕಲ್ಲನ್ನು ನೆನೆಸಿ ಪರೀಕ್ಷಿಸಿ ನೋಡುವ ಸಣ್ಣ ಊರಿನ ಎಂಜಿನಿಯರರ ಅಭ್ಯಾಸದಲ್ಲಿ ಅದು ಕಾಣಿಸುತ್ತದೆ. ಆ ಅಭ್ಯಾಸಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಆದರೆ ಅದನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಯಾರಾದರೂ ಕೈಹಿಡಿದು ಕಲಿಸಿರಬೇಕು.